ರ‍್ಯಾಲಿಗೆ ಕಟ್ಟಿದ ಇಂಜಿನ್: ಜೋಡಿಸುವಾಗಿನ ತಪಾಸಣೆ, ಕೆಟ್ಟಾಗಿನ ಪತ್ತೆ – ಪದೇ ಪದೇ ಕೇಳುವ ಪ್ರಶ್ನೆಗಳು

ಮಾರುತಿ ಎಸ್ಟೀಮ್, ಜಿಪ್ಸಿ, ಮೊದಲ ತಲೆಮಾರಿನ ಸ್ವಿಫ್ಟ್. ಈ ಮೂರರಲ್ಲೂ ಬಂದ 1.3 ಲೀಟರ್ ಜಿ13 ಇಂಜಿನ್ನನ್ನು ರ‍್ಯಾಲಿಗೆ, ಆಟೋಕ್ರಾಸ್‌ಗೆ ಕಟ್ಟುವವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಲೆಕ್ಕಗಳೆಲ್ಲ 74 ಮಿ.ಮೀ ಬೋರ್ (ಸಿಲಿಂಡರ್‌ನ ಒಳ ಅಗಲ), 75.5 ಮಿ.ಮೀ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 1298 ಸಿಸಿ ಇಂಜಿನ್‌ಗೆ ಹಾಕಿದ್ದು. ನಿಮ್ಮದು ಬೇರೆ ಇಂಜಿನ್ ಆದರೆ ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ. ಸರ್ವಿಸ್ ಮ್ಯಾನ್ಯುಯಲ್ ಅಥವಾ ಪಾರ್ಟ್ ಜೊತೆ ಬಂದ ಚೀಟಿ ಬೇರೆ ಅಂಕಿ ಹೇಳಿದರೆ ಅದನ್ನೇ ಪಾಲಿಸಿ.

## ಶುರು ಮಾಡುವ ಮುನ್ನ

ಲೇತ್ ಅಂಗಡಿಯವರೇ ಅಳತೆ ನೋಡಿರ್ತಾರೆ. ನಾನು ಮತ್ತೆ ಯಾಕೆ ನೋಡ್ಬೇಕು?

ಅವರು ತಾವು ಮಾಡಿದ ಒಂದು ಕೆಲಸದ ಅಳತೆ ನೋಡಿರುತ್ತಾರೆ. ಬೋರ್ ಮಾಡಿದವರ ಕೈಗೆ ನಿಮ್ಮ ಪಿಸ್ಟನ್ ಬಂದಿತ್ತೋ ಇಲ್ಲವೋ ಗೊತ್ತಿಲ್ಲ. ಕ್ರ್ಯಾಂಕ್ ಗ್ರೈಂಡ್ ಮಾಡಿದವರು ನಿಮ್ಮ ಬೇರಿಂಗ್ ಸೆಟ್ ನೋಡಿಯೇ ಇರುವುದಿಲ್ಲ. ಪೀಣ್ಯದ ಒಂದು ಶೆಡ್ಡಿನಲ್ಲಿ ಬೋರಿಂಗ್, ಇನ್ನೊಂದರಲ್ಲಿ ಗ್ರೈಂಡಿಂಗ್, ಜೆ.ಸಿ. ರಸ್ತೆಯಿಂದ ಬೇರಿಂಗ್, ಪಿಸ್ಟನ್ ಹೊರದೇಶದಿಂದ. ಇವೆಲ್ಲ ಮೊದಲ ಸಲ ಒಟ್ಟಿಗೆ ಸೇರುವುದು ನಿಮ್ಮ ಟೇಬಲ್ ಮೇಲೆ. ಎರಡು ಭಾಗಗಳ ನಡುವಿನ ಸಂದು ಎಷ್ಟು ಅಂತ ಹೇಳಬಲ್ಲವರು ಜೋಡಿಸುವವರು ಮಾತ್ರ.

ಪ್ರತಿ ಇಂಜಿನ್‌ಗೂ ಒಂದು ಅಳತೆ ಹಾಳೆ ಇಡಿ. ನಾಲ್ಕು ಬೋರ್, ನಾಲ್ಕು ಪಿಸ್ಟನ್, ಐದು ಮೇನ್ ಬೇರಿಂಗ್ (ಕ್ರ್ಯಾಂಕ್ ಕೂರುವ ಜಾಗ), ನಾಲ್ಕು ಬಿಗ್ ಎಂಡ್ (ರಾಡ್ ಕ್ರ್ಯಾಂಕಿಗೆ ಸೇರುವ ಜಾಗ), ಎಂಟು ರಿಂಗ್ ಗ್ಯಾಪ್. ಎಲ್ಲ ನಿಮ್ಮ ಕೈಬರಹದಲ್ಲೇ ಇರಲಿ. 'ಓಕೆ' ಅಂತ ಬರೆಯಬೇಡಿ, ಅಂಕಿ ಬರೆಯಿರಿ. ಮುಂದೆ ಇಂಜಿನ್ ಬಿಚ್ಚಿದ ದಿನ ಆ ಹಾಳೆ ಇಲ್ಲದಿದ್ದರೆ ಬೇರಿಂಗ್ ಸವೆದದ್ದೋ, ಮೊದಲಿಂದಲೂ ಸಡಿಲವಿತ್ತೋ ಅಂತ ತಿಳಿಯುವ ದಾರಿಯೇ ಇರುವುದಿಲ್ಲ.

ವರ್ನಿಯರ್ ಇದೆ, ಅಷ್ಟು ಸಾಲಲ್ವಾ?

ಸಾಲುವುದಿಲ್ಲ. ನಾವಿಲ್ಲಿ ಹುಡುಕುವ ವ್ಯತ್ಯಾಸ 0.01 ಮಿ.ಮೀ ಮಟ್ಟದ್ದು. ಔಟ್‌ಸೈಡ್ ಮೈಕ್ರೋಮೀಟರ್, ಡಯಲ್ ಬೋರ್ ಗೇಜ್, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇರುವ ಡಯಲ್ ಗೇಜ್, ಫೀಲರ್ ಗೇಜ್, ಸ್ಟ್ರೇಟ್ ಎಡ್ಜ್, ಒಳ್ಳೆಯ ಟಾರ್ಕ್ ರೆಂಚ್. ಇಷ್ಟು ಇಲ್ಲದೆ ಕೆಲಸ ಶುರು ಮಾಡಬೇಡಿ. ಬೋರ್ ಗೇಜನ್ನು ಪಿಸ್ಟನ್ ಅಳೆದ ಅದೇ ಮೈಕ್ರೋಮೀಟರ್‌ಗೆ ಸೆಟ್ ಮಾಡಿ. ಆಗ ಮೈಕ್ರೋಮೀಟರ್‌ನಲ್ಲಿ ಒಂಚೂರು ದೋಷ ಇದ್ದರೂ ಸಂದಿನ ಲೆಕ್ಕ ಕೆಡುವುದಿಲ್ಲ.

ಬಿಸಿಲಿನ ವಿಷಯ ಹೆಚ್ಚಿನವರು ಮರೆಯುತ್ತಾರೆ. ಅಳತೆಗೆ ಜಗತ್ತು ಒಪ್ಪಿದ ತಾಪಮಾನ 20 ಡಿಗ್ರಿ. 74 ಮಿ.ಮೀ ಅಲ್ಯೂಮಿನಿಯಂ ಪಿಸ್ಟನ್ 10 ಡಿಗ್ರಿ ಬಿಸಿಯಾದರೆ ಸುಮಾರು 0.017 ಮಿ.ಮೀ ಉಬ್ಬುತ್ತದೆ. ಪಿಸ್ಟನ್ ಬಿಸಿಲಲ್ಲಿ, ಬ್ಲಾಕ್ ನೆರಳಲ್ಲಿ ಇದ್ದರೆ ನಿಮ್ಮ ಲೆಕ್ಕ ಅಲ್ಲೇ ಹೋಯಿತು. ಎಲ್ಲವನ್ನೂ ಹಿಂದಿನ ರಾತ್ರಿಯೇ ಒಂದೇ ಕೋಣೆಯಲ್ಲಿಡಿ, ಬೆಳಿಗ್ಗೆ ಅಳೆಯಿರಿ.

ಓವರ್‌ಸೈಜ್ ಪಿಸ್ಟನ್ ಹಾಕಿದ್ರೆ ಪಿಕಪ್ ಜಾಸ್ತಿ ಆಗುತ್ತಾ?

0.5 ಮಿ.ಮೀ ಓವರ್‌ಸೈಜ್ ಹಾಕಿದರೆ 1298 ಸಿಸಿ 1316 ಆಗುತ್ತದೆ. ಶೇಕಡಾ ಒಂದೂವರೆ ಕೂಡ ಇಲ್ಲ. ಬೋರ್ ಸವೆದಿದ್ದರೆ ಮಾತ್ರ ರೀಬೋರ್ ಮಾಡಿಸಿ.

ಇದೇ ಗಾಡೀನ ರೋಡಲ್ಲಿ ಓಡಿಸ್ಬಹುದಾ?

ಆರ್‌ಸಿಯಲ್ಲಿ ಇರುವ ವಿವರ ಬದಲಾಗುವಂಥ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಇಂಜಿನ್ನೇ ಬದಲಾಯಿಸುವುದಾದರೆ ಮೊದಲು ಆರ್‌ಟಿಒ ಅನುಮತಿ ಬೇಕು. ಸ್ಪರ್ಧೆಗೆ ಕಟ್ಟುವುದಾದರೆ ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಕ್ರೀಡೆಗಳ ಒಕ್ಕೂಟ) ನಿಯಮ ಪುಸ್ತಕವನ್ನು ಪಾರ್ಟ್ ಕೊಳ್ಳುವ ಮುಂಚೆ ಓದಿ. ನಿಮ್ಮ ಕ್ಲಾಸಿನಲ್ಲಿ ಬಿಡದ ಕ್ಯಾಮ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಬ್ಲಾಕನ್ನ ಡೀಸೆಲ್‌ನಲ್ಲಿ ತೊಳೆದ್ರೆ ಆಯ್ತಲ್ಲ?

ಇಲ್ಲ. ಹೋನಿಂಗ್ ಮಾಡಿದ ಮೇಲೆ ಗೆರೆಗಳ ಒಳಗೆ ಕಲ್ಲಿನ ಪುಡಿ ಕೂತಿರುತ್ತದೆ. ಡೀಸೆಲ್, ಪೆಟ್ರೋಲ್ ಎಣ್ಣೆ ಜಿಡ್ಡನ್ನು ಕರಗಿಸುತ್ತವೆ, ಪುಡಿಯನ್ನು ಅಲ್ಲೇ ಬಿಡುತ್ತವೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್ ಬೇಕು. ತೊಳೆದು ಗಾಳಿ ಹೊಡೆದು ತಕ್ಷಣ ಎಣ್ಣೆ ಸವರಿ. ಎರಡು ನಿಮಿಷ ಬಿಟ್ಟರೆ ಲೈನರ್ ತುಕ್ಕು ಹಿಡಿಯುತ್ತದೆ. ಆಮೇಲೆ ಬಿಳಿ ಬಟ್ಟೆಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಹಚ್ಚಿ ಬೋರ್ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ಎಣ್ಣೆ ದಾರಿಗಳ ಪ್ಲಗ್ ಬಿಚ್ಚಿ, ಉದ್ದ ಬ್ರಷ್ ಹಾಕಿ ತಿಕ್ಕಿ. ಹೊಸ ಇಂಜಿನ್‌ನ ಬೇರಿಂಗ್ ಬೇಗ ಹೋದಾಗ ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕಾದ್ದು ಕೊಳೆಯನ್ನು.

## ಜೋಡಿಸುವಾಗ

ಫೋರ್ಜ್ಡ್ ಪಿಸ್ಟನ್ ಹಾಕಿದ್ದೀನಿ, ಬೆಳಿಗ್ಗೆ ಟಕಟಕ ಸದ್ದು ಬರುತ್ತೆ. ಬೋರ್ ಸಡಿಲ ಆಯ್ತಾ?

ಪಿಸ್ಟನ್ ಯಾವ ಲೋಹದ್ದು ಅಂತ ಮೊದಲು ನೋಡಿ. 4032 ಮಿಶ್ರಲೋಹದಲ್ಲಿ ಸುಮಾರು ಶೇ. 12ರಷ್ಟು ಸಿಲಿಕಾನ್ ಇರುತ್ತದೆ, ಅದು ಕಡಿಮೆ ಉಬ್ಬುತ್ತದೆ. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಅದು ಜಾಸ್ತಿ ಉಬ್ಬುವುದರಿಂದ ತಣ್ಣಗಿದ್ದಾಗ ಹೆಚ್ಚು ಸಂದು ಬೇಕು. 2618 ಪಿಸ್ಟನ್ ತಣ್ಣಗಿದ್ದಾಗ ಸದ್ದು ಮಾಡಿ, ಬಿಸಿಯಾದ ಮೇಲೆ ಸುಮ್ಮನಾದರೆ ಅದು ಸಹಜ. ಬಿಸಿಯಾದ ಮೇಲೂ ಸದ್ದು ಉಳಿದರೆ ಅಳತೆ ಹಾಳೆ ತೆಗೆಯಿರಿ. ಪಿಸ್ಟನ್ನನ್ನು ತಯಾರಕರು ಹೇಳಿದ ಎತ್ತರದಲ್ಲೇ ಅಳೆದಿದ್ದಿರಾ? ಸ್ಕರ್ಟ್ ನೇರವಾಗಿರುವುದಿಲ್ಲ, ಕೆಲವು ಮಿ.ಮೀ ಮೇಲೆ ಕೆಳಗೆ ಆದರೆ ಅಂಕಿ ಬೇರೆಯೇ ಬರುತ್ತದೆ.

ರಿಂಗ್ ಗ್ಯಾಪ್ ಎಷ್ಟು ಬಿಡ್ಬೇಕು? ಕಡಿಮೆ ಬಿಟ್ರೆ ಕಂಪ್ರೆಷನ್ ಜಾಸ್ತಿ ಸಿಗುತ್ತಲ್ವಾ?

ಟರ್ಬೋ ಇಲ್ಲದ ಇಂಜಿನ್‌ಗೆ ಬೋರ್‌ನ 0.004 ಪಾಲು, ಅಂದರೆ 74 ಮಿ.ಮೀ ಬೋರ್‌ಗೆ ಸುಮಾರು 0.30 ಮಿ.ಮೀ. ಟರ್ಬೋ ಇದ್ದರೆ 0.006 ಪಾಲಿನ ಹತ್ತಿರ, 0.44 ಮಿ.ಮೀ. ಎರಡನೇ ರಿಂಗ್‌ಗೆ ಮೊದಲನೆಯದಕ್ಕಿಂತ ತುಸು ಜಾಸ್ತಿ ಬಿಡಿ. ಇಲ್ಲದಿದ್ದರೆ ಎರಡು ರಿಂಗ್‌ಗಳ ನಡುವೆ ಗ್ಯಾಸ್ ಸಿಕ್ಕಿಕೊಂಡು ಮೇಲಿನ ರಿಂಗ್ ಕುಣಿಯುತ್ತದೆ.

ಗ್ಯಾಪ್ ಕಡಿಮೆ ಬಿಟ್ಟು ಕಂಪ್ರೆಷನ್ ಉಳಿಸುವ ಆಸೆ ಬೇಡ. 0.05 ಮಿ.ಮೀ ಜಾಸ್ತಿಯಾದರೆ ಕಳೆದುಕೊಳ್ಳುವುದು ಗೊತ್ತೇ ಆಗದಷ್ಟು. ಕಡಿಮೆಯಾದರೆ ರಿಂಗ್ ಬಿಸಿಯಲ್ಲಿ ಬೆಳೆದು ಎರಡು ತುದಿ ಒಂದಕ್ಕೊಂದು ಒತ್ತುತ್ತವೆ, ಬೋರ್ ಗೀಚುತ್ತದೆ, ಪಿಸ್ಟನ್ ತಲೆಯೇ ಕಿತ್ತು ಬರುತ್ತದೆ. ಬಿಚ್ಚಿದ ರಿಂಗ್‌ನ ತುದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅವು ತಾಕಿವೆ ಅಂತಲೇ ಲೆಕ್ಕ. ಗ್ಯಾಪ್ ಅಳೆಯುವಾಗ ರಿಂಗನ್ನು ಪಿಸ್ಟನ್‌ನಿಂದ ಒತ್ತಿ ನೇರ ಕೂರಿಸಿ. ಯಾವ ಸಿಲಿಂಡರ್‌ಗೆ ಅಳೆದಿರೋ ಅದಕ್ಕೇ ಹಾಕಿ.

ಬೇರಿಂಗ್‌ಗೆ ಪ್ಲಾಸ್ಟಿಗೇಜ್ ಸಾಕಾ?

ಪ್ಲಾಸ್ಟಿಗೇಜ್ ಅಂದರೆ ಸಂದಿನಲ್ಲಿಟ್ಟು ಒತ್ತಿ, ಎಷ್ಟು ಚಪ್ಪಟೆಯಾಯಿತು ಅಂತ ನೋಡುವ ಮೆತ್ತನೆಯ ಎಳೆ. ಅಡ್ಡ ಪರೀಕ್ಷೆಗೆ ಒಳ್ಳೆಯದು. ಅದೊಂದನ್ನೇ ನಂಬಬೇಡಿ. ಅದು ಒಂದು ಜಾಗದ ಸಂದು ಹೇಳುತ್ತದೆ, ಜರ್ನಲ್ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್‌ನ ಭಾಗ) ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ ಇದ್ದರೆ ಹೇಳುವುದಿಲ್ಲ. ಕ್ಯಾಪ್ ಪೂರ್ತಿ ಟಾರ್ಕ್ ಮಾಡಿ, ಬೇರಿಂಗ್ ಒಳಗೆ ಬೋರ್ ಗೇಜ್ ಹಾಕಿ, ಜರ್ನಲ್ ಅಳತೆ ಕಳೆಯಿರಿ. ಜರ್ನಲ್ ದಪ್ಪದ ಸಾವಿರದಲ್ಲಿ ಒಂದು ಪಾಲು ಹಳೆಯ ಒಳ್ಳೆಯ ಲೆಕ್ಕ: 45 ಮಿ.ಮೀ ಜರ್ನಲ್‌ಗೆ 0.045 ಮಿ.ಮೀ. ಎರಡು ಶೆಲ್ (ಬೇರಿಂಗ್‌ನ ಅರ್ಧ ಹೋಳು) ಸೇರುವ ಸೀಳಿನ ಹತ್ತಿರ ಅಳೆಯಬೇಡಿ, ಅಲ್ಲಿ ಶೆಲ್ ಬೇಕಂತಲೇ ತೆಳ್ಳಗಿರುತ್ತದೆ.

ಟಾರ್ಕ್ ರೆಂಚ್‌ನಲ್ಲಿ ಸರಿಯಾಗಿ ಬಿಗಿದ್ರೂ ರಾಡ್ ಬೋಲ್ಟ್ ಹೋಯ್ತು. ಯಾಕೆ?

ರೆಂಚ್ ತೋರಿಸುವುದು ತಿರುಗಿಸಲು ಬೇಕಾದ ಬಲ. ನಮಗೆ ಬೇಕಾದ್ದು ಬೋಲ್ಟ್ ಎಷ್ಟು ಎಳೆದುಕೊಂಡಿದೆ ಅನ್ನೋದು. ಹಾಕಿದ ಬಲದಲ್ಲಿ ಹೆಚ್ಚುಕಡಿಮೆ ಶೇ. 90 ಬೋಲ್ಟ್ ತಲೆಯ ಕೆಳಗೆ ಮತ್ತು ಥ್ರೆಡ್‌ಗಳಲ್ಲಿ ಘರ್ಷಣೆಗೇ ಹೋಗುತ್ತದೆ. ಹಾಗಾಗಿ ಎಣ್ಣೆ ಬದಲಾದರೆ ಬಿಗಿತವೂ ಬದಲಾಗುತ್ತದೆ. ಬೋಲ್ಟ್ ಜೊತೆ ಬಂದ ಪೇಸ್ಟಿಗೆ ಒಂದು ಟಾರ್ಕ್, ಇಂಜಿನ್ ಆಯಿಲ್‌ಗೆ ಇನ್ನೊಂದು ಅಂತ ಚೀಟಿಯಲ್ಲಿ ಬರೆದಿರುವುದು ಅದಕ್ಕೇ. ರಾಡ್ ಬೋಲ್ಟ್‌ಗೆ ಸ್ಟ್ರೆಚ್ ಗೇಜ್ ಬಳಸಿ. ಬಿಗಿಯುವ ಮುಂಚಿನ ಉದ್ದ, ಬಿಗಿದ ಮೇಲಿನ ಉದ್ದ ಎರಡನ್ನೂ ಬರೆದಿಡಿ. ಮುಂದಿನ ಸಲ ಬಿಚ್ಚಿದಾಗ ಬೋಲ್ಟ್ ಹಳೆಯ ಉದ್ದಕ್ಕೆ ಮರಳದಿದ್ದರೆ ಎಸೆಯಿರಿ.

ಹೆಡ್ ಬೋಲ್ಟ್ ರಂಧ್ರದ ತಳದಲ್ಲಿ ಎಣ್ಣೆ ಅಥವಾ ನೀರು ನಿಂತಿದ್ದರೆ ಬಿಗಿತ ಸುಳ್ಳಾಗುತ್ತದೆ, ಬ್ಲಾಕ್ ಸೀಳಲೂಬಹುದು. ಗಾಳಿ ಹೊಡೆದು ಒಣಗಿಸಿ.

ಹೆಡ್ ಫೇಸಿಂಗ್ ಮಾಡಿಸಿ ಕಂಪ್ರೆಷನ್ ಏರಿಸಿದೆ. ಕೆಳಗಿನ ಪಿಕಪ್ ಹೋಯ್ತು, ಯಾಕೆ?

ಫೇಸಿಂಗ್ ಅಂದರೆ ಹೆಡ್‌ನ ತಳ ಕೆತ್ತುವುದು. ಬೆಲ್ಟ್ ಇರುವ ಇಂಜಿನ್‌ನಲ್ಲಿ ಹೆಡ್ ಹೀಗೆ ಕೆಳಗೆ ಬಂದರೆ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗುತ್ತದೆ. ಟೆನ್ಷನರ್ ಸಡಿಲವನ್ನು ಎಳೆದುಕೊಳ್ಳುತ್ತದೆ, ಕ್ಯಾಮ್ ತುಸು ಹಿಂದೆ ಬೀಳುತ್ತದೆ. ಗುರುತುಗಳು ಸರಿಯಾಗಿಯೇ ಕಾಣುತ್ತವೆ. ಅದಕ್ಕೇ ಡಿಗ್ರಿ ವೀಲ್, ಡಯಲ್ ಗೇಜ್ ಹಾಕಿ ಕ್ಯಾಮ್ ಕೂರಿಸಬೇಕು. ಬೇಕಾದರೆ ಹೊಂದಿಸಬಹುದಾದ ಕ್ಯಾಮ್ ಪುಲ್ಲಿ ಹಾಕಿ.

ಎಷ್ಟು ಕಂಪ್ರೆಷನ್ ಆಯಿತು ಅಂತ ಊಹಿಸಬೇಡಿ. ಒಂದು ಸಿಲಿಂಡರ್ 324.7 ಸಿಸಿ. ಮೇಲೆ ಉಳಿಯುವ ಒಟ್ಟು ಜಾಗ 32.5 ಸಿಸಿ ಇದ್ದರೆ 11ಕ್ಕೆ 1. ಅದು ಒಂದೇ ಸಿಸಿ ಕಡಿಮೆಯಾದರೆ 11.3. ಅಕ್ರಿಲಿಕ್ ಹಲಗೆ, ಬ್ಯುರೆಟ್ ಇಟ್ಟು ನಾಲ್ಕೂ ಚೇಂಬರ್ ಅಳೆಯಿರಿ. ನಾಲ್ಕರ ನಡುವೆ ಅರ್ಧ ಸಿಸಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಗ್ಯಾಸ್ಕೆಟ್ ದಪ್ಪ, ಪಿಸ್ಟನ್ ಡೋಮ್, ಡೆಕ್ ಎತ್ತರ ಸೇರಿಸಿ ಲೆಕ್ಕ ಹಾಕಿ. ಹೆಡ್ ಮೇಲ್ಮೈ 0.05 ಮಿ.ಮೀಗಿಂತ ಜಾಸ್ತಿ ಸೊಟ್ಟಗಿದ್ದರೆ ಜೋಡಿಸಬೇಡಿ.

ದೊಡ್ಡ ಕ್ಯಾಮ್ ಹಾಕಿದ್ರೆ ವಾಲ್ವ್ ಪಿಸ್ಟನ್‌ಗೆ ಹೊಡೆಯುತ್ತಾ? ಕೈಯಲ್ಲಿ ತಿರುಗಿಸಿದೆ, ಏನೂ ತಾಕಲಿಲ್ಲ.

ಕೈಯಲ್ಲಿ ತಿರುಗಿಸಿದಾಗ ತಾಕದಿದ್ದರೆ ಸಾಲದು. ವೇಗದಲ್ಲಿ ರಾಡ್ ಹಿಗ್ಗುತ್ತದೆ, ಬೆಲ್ಟ್ ಬಳುಕುತ್ತದೆ, ವಾಲ್ವ್ ತೇಲುತ್ತದೆ. ಪಿಸ್ಟನ್ ಮೇಲೆ ಮಕ್ಕಳ ಜೇಡಿಮಣ್ಣು ಇಟ್ಟು, ಹೆಡ್ ಬಿಗಿದು, ಎರಡು ಸುತ್ತು ತಿರುಗಿಸಿ, ಬಿಚ್ಚಿ, ಕತ್ತರಿಸಿ ಅಳೆಯಿರಿ. ಸ್ಟೀಲ್ ರಾಡ್ ಇದ್ದರೆ ಇನ್‌ಟೇಕ್ ಕಡೆ 2 ಮಿ.ಮೀ, ಎಕ್ಸಾಸ್ಟ್ ಕಡೆ 2.5 ಮಿ.ಮೀ ಇರಲಿ. ಎಕ್ಸಾಸ್ಟ್ ವಾಲ್ವನ್ನು ಮುಚ್ಚುವಾಗ ಪಿಸ್ಟನ್ ಬೆನ್ನಟ್ಟಿ ಬರುತ್ತದೆ, ಅದಕ್ಕೇ ಆ ಕಡೆ ಜಾಸ್ತಿ. ಸಂದು ಅತಿ ಕಡಿಮೆ ಆಗುವುದು ಟಿಡಿಸಿಯಲ್ಲಿ (ಪಿಸ್ಟನ್ ತೀರ ಮೇಲಿರುವಾಗ) ಅಲ್ಲ. ಎಕ್ಸಾಸ್ಟ್‌ಗೆ ಸುಮಾರು 10 ಡಿಗ್ರಿ ಮೊದಲು, ಇನ್‌ಟೇಕ್‌ಗೆ 10 ಡಿಗ್ರಿ ಆಮೇಲೆ.

## ಮೊದಲ ಸ್ಟಾರ್ಟ್, ರನ್ನಿಂಗ್ ಇನ್

ಮೊದಲ ಸಲ ಸ್ಟಾರ್ಟ್ ಮಾಡೋ ಮುಂಚೆ ಏನೇನು ನೋಡ್ಬೇಕು?

ಸ್ಪಾರ್ಕ್ ಪ್ಲಗ್ ಬಿಚ್ಚಿ, ಪೆಟ್ರೋಲ್ ಮತ್ತು ಇಗ್ನಿಷನ್ ನಿಲ್ಲಿಸಿ, ಆಯಿಲ್ ಪ್ರೆಷರ್ ಗೇಜ್ ಏಳುವವರೆಗೆ ಸ್ಟಾರ್ಟರ್‌ನಲ್ಲಿ ತಿರುಗಿಸಿ. ಗೇಜ್ ಏಳದೆ ಪ್ಲಗ್ ಹಾಕಬೇಡಿ. ಟೈಮಿಂಗ್ ಲೈಟ್ ಹಾಕಿ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹೇಳುವ ಡಿಗ್ರಿಯೂ ಪುಲ್ಲಿ ಮೇಲಿನ ಡಿಗ್ರಿಯೂ ಒಂದೇನಾ ಅಂತ ನೋಡಿ. ಇದನ್ನು ಬಿಟ್ಟು ಟ್ಯೂನ್ ಮಾಡಿದರೆ ಪೂರ್ತಿ ಮ್ಯಾಪ್ (ಇಸಿಯು ಒಳಗಿನ ಪೆಟ್ರೋಲ್, ಟೈಮಿಂಗ್ ಅಂಕಿಗಳ ಪಟ್ಟಿ) ಸುಳ್ಳಿನ ಮೇಲೆ ನಿಂತಿರುತ್ತದೆ. ಪೆಟ್ರೋಲ್ ಸೋರಿಕೆಗೆ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಲ್ಲಲಿ.

1000 ಕಿಲೋಮೀಟರ್ ನಿಧಾನಕ್ಕೆ ಓಡಿಸ್ಬೇಕು ಅಂತಾರೆ, ನಿಜಾನಾ?

ರಿಂಗ್ ಕೂರಲು ಅದರ ಹಿಂದೆ ಗ್ಯಾಸ್ ಒತ್ತಡ ಬೇಕು. ತೀರ ಮೆತ್ತಗೆ ಓಡಿಸಿದರೆ ಬೋರ್ ನುಣುಪಾಗಿಬಿಡುತ್ತದೆ, ರಿಂಗ್ ಕೂರುವುದೇ ಇಲ್ಲ. ಐಡಲ್‌ನಲ್ಲಿ ಗಂಟೆಗಟ್ಟಲೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಬಿಸಿಯಾದ ಮೇಲೆ ಅರ್ಧದಿಂದ ಮುಕ್ಕಾಲು ಥ್ರಾಟಲ್‌ನಲ್ಲಿ ಎಳೆದು, ಕಾಲು ಬಿಟ್ಟು ಗೇರಿನಲ್ಲೇ ಇಳಿಸಿ. ಹೀಗೆ ಹಲವು ಸಲ ಮಾಡಿ. ಅಗ್ಗದ ಮಿನರಲ್ ಆಯಿಲ್ ಸಾಕು, ಬೇಗ ಬದಲಿಸಿ.

ಫಿಲ್ಟರನ್ನು ಕಟ್ಟರ್‌ನಲ್ಲಿ ಕತ್ತರಿಸಿ ಮಡಿಕೆ ಬಿಡಿಸಿ ನೋಡಿ. ಗರಗಸದಿಂದ ಕೊಯ್ದರೆ ಅದರ ಪುಡಿಯೇ ಒಳಗೆ ಬೀಳುತ್ತದೆ. ಮೊದಲ ಸಲ ಸಣ್ಣ ಮಿನುಗು ಕಂಡರೆ ಹೆದರಬೇಡಿ. ಅಯಸ್ಕಾಂತಕ್ಕೆ ಅಂಟದ ಚಕ್ಕೆ ಕಂಡರೆ ಬೇರಿಂಗ್ ಅಥವಾ ಪಿಸ್ಟನ್. ಅಲ್ಲಿಗೇ ನಿಲ್ಲಿಸಿ, ಸಂಪ್ ಬಿಚ್ಚಿ.

## ತೊಂದರೆ ಹುಡುಕುವುದು

ಹೊಸ ಕ್ಯಾಮ್ ಹಾಕಿದ ಮೇಲೆ ಕಂಪ್ರೆಷನ್ ಕಡಿಮೆ ತೋರಿಸ್ತಿದೆ. ರಿಂಗ್ ಹೋಯ್ತಾ?

ಇರಲಿಕ್ಕಿಲ್ಲ. ದೊಡ್ಡ ಕ್ಯಾಮ್ ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಸ್ಟಾರ್ಟರ್ ವೇಗದಲ್ಲಿ ಸ್ವಲ್ಪ ಗಾಳಿ ವಾಪಸ್ ಹೋಗುತ್ತದೆ. ಊರಿನ ಎತ್ತರವೂ ಸೇರುತ್ತದೆ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಇಲ್ಲಿ ಗಾಳಿಯ ಒತ್ತಡವೇ ಶೇ. 10ರಷ್ಟು ಕಡಿಮೆ. ಗೇಜ್ ಕೂಡ ಹೆಚ್ಚುಕಡಿಮೆ ಅಷ್ಟೇ ಕಡಿಮೆ ತೋರಿಸುತ್ತದೆ. ನಾಲ್ಕು ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದೆಯಾ ಅಂತ ಮಾತ್ರ ನೋಡಿ. ಥ್ರಾಟಲ್ ಪೂರ್ತಿ ತೆರೆದಿರಲಿ, ಬ್ಯಾಟರಿ ಗಟ್ಟಿಯಾಗಿರಲಿ.

ನಿಜ ತಿಳಿಯಲು ಲೀಕ್‌ಡೌನ್ ಪರೀಕ್ಷೆ ಮಾಡಿ. ಟಿಡಿಸಿಯಲ್ಲಿ ನಿಲ್ಲಿಸಿ ಗಾಳಿ ತುಂಬಿ. ಎಷ್ಟು ಪಾಲು ಸೋರುತ್ತದೆ ಅಂತ ನೋಡಿ. ಸ್ಪರ್ಧೆಯ ಇಂಜಿನ್ ಶೇ. 5ರ ಒಳಗಿದ್ದರೆ ಚೆನ್ನ, 10ರವರೆಗೆ ಸರಿ, 20 ದಾಟಿದರೆ ಬಿಚ್ಚಬೇಕು. ಕಿವಿ ಕೊಡಿ. ಥ್ರಾಟಲ್‌ನಲ್ಲಿ ಸುಯ್ ಅಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಲ್ಲಿ ಅಂದರೆ ಎಕ್ಸಾಸ್ಟ್, ಆಯಿಲ್ ಮುಚ್ಚಳದಲ್ಲಿ ಅಂದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್.

ನೀಲಿ ಹೊಗೆ ಬರ್ತಿದೆ, ಪಿಸ್ಟನ್ ರಿಂಗ್ ಬದಲಿಸ್ಲಾ?

ಯಾವಾಗ ಬರುತ್ತದೆ ನೋಡಿ. ಇಳಿಜಾರಲ್ಲಿ ಕಾಲು ಬಿಟ್ಟು ಬಂದು ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಸೀಲ್ ಅಥವಾ ಗೈಡ್. ಎಳೆಯುವಾಗ ಪೂರ್ತಿ ಬಂದರೆ ರಿಂಗ್. ಬ್ರೀದರ್ ಪೈಪಿನ ದಾರಿ ಕಟ್ಟಿದ್ದರೂ ಬರುತ್ತದೆ, ಅದನ್ನು ಮೊದಲು ನೋಡಿ.

ತಿರುವಿನಲ್ಲಿ ಆಯಿಲ್ ಪ್ರೆಷರ್ ಬೀಳುತ್ತೆ. ಪಂಪ್ ಬದಲಿಸಿದ್ರೂ ಹಾಗೇ.

ಪಂಪ್‌ಗೆ ಎಣ್ಣೆಯೇ ಸಿಗುತ್ತಿಲ್ಲ. ಉದ್ದ ತಿರುವಿನಲ್ಲಿ ಎಣ್ಣೆ ಸಂಪಿನ ಒಂದು ಬದಿಗೆ ಓಡುತ್ತದೆ, ಪಿಕಪ್ ಪೈಪ್ ಗಾಳಿ ಹೀರುತ್ತದೆ. ಸಂಪಿನಲ್ಲಿ ಅಡ್ಡತಡೆ ಹಾಕಿಸಿ. ಚಿಕ್ಕಮಗಳೂರಿನ ಎಸ್ಟೇಟ್ ರಸ್ತೆಗಳಲ್ಲಿ ಓಡಿದ ಗಾಡಿಯಾದರೆ ಮೊದಲು ಕೆಳಗೆ ಬಗ್ಗಿ ನೋಡಿ. ಕಲ್ಲಿಗೆ ಹೊಡೆದು ಸಂಪ್ ಒಳಗೆ ನುಗ್ಗಿದ್ದರೆ ಪಿಕಪ್ ಬಾಯಿ ಅರ್ಧ ಮುಚ್ಚಿರುತ್ತದೆ. ಡ್ಯಾಶ್ ಬೋರ್ಡಿನ ಗೇಜನ್ನು ನಂಬುವ ಮುಂಚೆ ಒಂದು ಮೆಕ್ಯಾನಿಕಲ್ ಗೇಜ್ ಕಟ್ಟಿ ಹೋಲಿಸಿ. ಬಿಸಿ ಎಣ್ಣೆಯಲ್ಲಿ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನೋದು ಹಳಬರ ಲೆಕ್ಕ, ಈಗಲೂ ಮೊದಲ ಅಂದಾಜಿಗೆ ಸಾಕು.

ಟ್ರಾಫಿಕ್‌ನಲ್ಲಿ ಬಿಸಿ ಆಗಲ್ಲ, ಎಳೆದ್ರೆ ಮಾತ್ರ ಬಿಸಿ ಆಗುತ್ತೆ.

ಫ್ಯಾನ್ ಸರಿಯಿದೆ ಅಂತಾಯಿತು. ಉಳಿದದ್ದು ರೇಡಿಯೇಟರ್ ಸಾಮರ್ಥ್ಯ, ನೀರಿನ ಹರಿವು, ಹಿಂದೆ ಬಿದ್ದ ಇಗ್ನಿಷನ್ ಟೈಮಿಂಗ್, ಇಲ್ಲವೇ ಹೆಡ್ ಗ್ಯಾಸ್ಕೆಟ್. ಕೊನೆಯದಕ್ಕೆ ನೀಲಿ ದ್ರವದ ಪರೀಕ್ಷೆ ಇದೆ. ರೇಡಿಯೇಟರ್ ಬಾಯಲ್ಲಿ ಇಟ್ಟಾಗ ಹಳದಿಗೆ ತಿರುಗಿದರೆ ಸುಟ್ಟ ಗ್ಯಾಸ್ ನೀರಿಗೆ ಬರುತ್ತಿದೆ.

## ಟ್ಯೂನಿಂಗ್ ಮತ್ತು ಅದರಾಚೆ

ಇ20 ಪೆಟ್ರೋಲ್ ಬಂದ ಮೇಲೆ ಹಳೆಯ ಮ್ಯಾಪ್ ನಡೆಯುತ್ತಾ?

ಮತ್ತೆ ನೋಡಲೇಬೇಕು. ಇ20 ಅಂದರೆ ಶೇ. 20, ಇ10 ಅಂದರೆ ಶೇ. 10 ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಇ10ರಲ್ಲಿ ಮಾಡಿದ ಮ್ಯಾಪ್ ಇ20ರಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಶೇ. 4ರಷ್ಟು ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಓಡುತ್ತದೆ. ಅಲ್ಲಿ ಹಲವು ಇಸಿಯುಗಳು ಆಕ್ಸಿಜನ್ ಸೆನ್ಸರ್ ಮಾತು ಕೇಳುವುದಿಲ್ಲ, ತಿದ್ದಿಕೊಳ್ಳುವುದೂ ಇಲ್ಲ. ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರನ್ನು ಲ್ಯಾಂಬ್ಡಾದಲ್ಲಿ (ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ 1) ಓದಿ, ಪೆಟ್ರೋಲ್ ಬದಲಾದರೂ ಆ ಅಂಕಿಗೆ ಅರ್ಥ ಬದಲಾಗುವುದಿಲ್ಲ. ಟರ್ಬೋ ಇಲ್ಲದ್ದಕ್ಕೆ 0.87ರ ಆಸುಪಾಸು, ಟರ್ಬೋಗೆ 0.80ರ ಆಸುಪಾಸಿನಿಂದ ಶುರು ಮಾಡಿ. ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಿ. ಎಥನಾಲ್ ನೀರು ಹೀರುತ್ತದೆ, ತಿಂಗಳುಗಟ್ಟಲೆ ನಿಲ್ಲುವ ರ‍್ಯಾಲಿ ಗಾಡಿಯ ಟ್ಯಾಂಕ್ ಖಾಲಿ ಮಾಡಿಡಿ.

ನಾಕಿಂಗ್ ಕಿವಿಗೆ ಕೇಳಿಸ್ತಿಲ್ಲ. ಇಲ್ಲ ಅಂತ ನಂಬ್ಬಹುದಾ?

ನಂಬಬೇಡಿ. ನಾಕಿಂಗ್ ಅಂದರೆ ಚೇಂಬರ್‌ನ ಮಿಶ್ರಣ ತಾನಾಗಿ ಸಿಡಿಯುವುದು. ಪೂರ್ತಿ ಎಳೆದು, ಅಲ್ಲೇ ಇಂಜಿನ್ ನಿಲ್ಲಿಸಿ, ಪ್ಲಗ್ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿಯಂಥ ಚುಕ್ಕೆ ಇದ್ದರೆ ನಾಕ್ ಆಗುತ್ತಿದೆ. ಬೆಳ್ಳಿಯಂತೆ ಹೊಳೆಯುವ ಕಣ ಇದ್ದರೆ ಪಿಸ್ಟನ್ ಅಲ್ಯೂಮಿನಿಯಂ ಕರಗಿ ಬರುತ್ತಿದೆ. ಎರಡು ಡಿಗ್ರಿ ಟೈಮಿಂಗ್ ಹಿಂದೆ ತೆಗೆದು ಮತ್ತೆ ನೋಡಿ.

ಕೆಳಗೆ ಚೆನ್ನಾಗಿದೆ, 6000 ದಾಟಿದ್ರೆ ಲೀನ್ ಆಗುತ್ತೆ.

ಮ್ಯಾಪಿನಲ್ಲಿ ಪೆಟ್ರೋಲ್ ಸೇರಿಸುವ ಮುಂಚೆ ಎರಡು ಅಂಕಿ ಲಾಗ್ ಮಾಡಿ: ಫ್ಯೂಯೆಲ್ ಪ್ರೆಷರ್, ಇಂಜೆಕ್ಟರ್ ಡ್ಯೂಟಿ (ಇಂಜೆಕ್ಟರ್ ತೆರೆದಿರುವ ಹೊತ್ತಿನ ಪಾಲು). ಪ್ರೆಷರ್ ಬಿದ್ದರೆ ಪಂಪ್, ಫಿಲ್ಟರ್ ಅಥವಾ ಪಂಪ್‌ಗೆ ಹೋಗುವ ವೈರ್. ಡ್ಯೂಟಿ ಶೇ. 85 ದಾಟಿದರೆ ಇಂಜೆಕ್ಟರ್ ಸಣ್ಣದು. ಎರಡೂ ಸರಿಯಿದ್ದರೆ ಸೆನ್ಸರನ್ನೇ ಅನುಮಾನಿಸಿ. ಮಿಸ್‌ಫೈರ್ ಆದಾಗ ಉರಿಯದ ಆಮ್ಲಜನಕ ಹೊರಗೆ ಬರುತ್ತದೆ, ಸೆನ್ಸರ್ ಅದನ್ನು ಲೀನ್ ಅನ್ನುತ್ತದೆ. ಆಗ ಪೆಟ್ರೋಲ್ ಸುರಿದರೆ ಮಿಸ್‌ಫೈರ್ ಇನ್ನೂ ಹೆಚ್ಚಾಗುತ್ತದೆ.

ಲಿಮಿಟರ್ 8000ಕ್ಕೆ ಏರಿಸ್ಲಾ? ಇಂಜಿನ್ ತಡೆಯುತ್ತಾ?

6500 ಆರ್‌ಪಿಎಂನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 16.4 ಮೀಟರ್. 8000ಕ್ಕೆ 20.1 ಮೀಟರ್. ವೇಗ ಏರಿದ್ದು ಶೇ. 23. ರಾಡ್ ಮತ್ತು ಬೋಲ್ಟ್ ಎಳೆಯುವ ಬಲ ವೇಗದ ವರ್ಗಕ್ಕೆ ಏರುತ್ತದೆ, ಅಂದರೆ ಶೇ. 51 ಜಾಸ್ತಿ. ಪೆಟ್ರೋಲ್ ಹಾಕದೆ ಸುಮ್ನೆ ತಿರುಗಿದರೂ ಅಷ್ಟೇ ಎಳೆತ. ಹೊಸ ರಾಡ್ ಬೋಲ್ಟ್, ವಾಲ್ವ್ ಸ್ಪ್ರಿಂಗ್, ಬ್ಯಾಲೆನ್ಸಿಂಗ್ ಇಲ್ಲದೆ ಲಿಮಿಟರ್ ಮುಟ್ಟಬೇಡಿ. ಡೈನೋದಲ್ಲಿ (ಶಕ್ತಿ ಅಳೆಯುವ ಯಂತ್ರ) ಪವರ್ 7000ಕ್ಕೇ ಇಳಿಯಲು ಶುರುವಾಗಿದ್ದರೆ 8000 ಯಾತಕ್ಕೆ ಹೇಳಿ?

ಮಂಗಳೂರಲ್ಲಿ ಚೆನ್ನಾಗಿ ಓಡ್ತಿದ್ದ ಗಾಡಿ ಬೆಂಗಳೂರಲ್ಲಿ ಮಂಕು. ಟ್ಯೂನ್ ಕೆಟ್ಟಿತಾ?

ಗಾಳಿ ತೆಳು, ಅಷ್ಟೇ. ಟರ್ಬೋ ಇಲ್ಲದ ಇಂಜಿನ್ ಸುಮಾರು ಶೇ. 10 ಶಕ್ತಿ ಕಳೆದುಕೊಳ್ಳುತ್ತದೆ. ಒಂದೇ ಡೈನೋ, ಒಂದೇ ದಿನ, ಮುಂಚೆ ಮತ್ತು ಆಮೇಲೆ. ಹೋಲಿಕೆಗೆ ಇದೊಂದೇ ದಾರಿ.

ಎರಡು ಸಲ ಕಟ್ಟಿದೆ. ಎರಡೂ ಸಲ ಅದೇ ಸಿಲಿಂಡರ್ ಹೋಯ್ತು. ಏನ್ ಮಾಡ್ಲಿ?

ಮೂರನೇ ಸಲ ಪಾರ್ಟ್ ಕೊಳ್ಳುವ ಮುಂಚೆ ಮುರಿದದ್ದನ್ನು ತೊಳೆಯದೆ ಟೇಬಲ್ ಮೇಲೆ ಸಾಲಾಗಿ ಜೋಡಿಸಿ, ಫೋಟೋ ತೆಗೆಯಿರಿ. ಒಂದೇ ಸಿಲಿಂಡರ್ ಹೋಗುತ್ತಿದೆ ಅಂದರೆ ಆ ಸಿಲಿಂಡರ್‌ಗೆ ಮಾತ್ರ ಬರುವ ಏನೋ ಒಂದು ಕಾರಣ ಇದೆ. ಇಂಜೆಕ್ಟರ್ ಮೊದಲ ಅನುಮಾನ. ನಾಲ್ಕನ್ನೂ ಬೆಂಚಿನಲ್ಲಿ ಹರಿಸಿ ಹೋಲಿಸಿ. ಆಮೇಲೆ ಆ ರನ್ನರ್‌ನ (ಇನ್‌ಟೇಕ್ ಕೊಳವೆ) ಗಾಳಿ ಸೋರಿಕೆ, ಆ ಕಾಯಿಲ್‌ನ ವೈರ್, ಹೆಡ್‌ನಲ್ಲಿ ಆ ಜಾಗದ ನೀರಿನ ದಾರಿ, ಗ್ಯಾಸ್ಕೆಟ್ ರಂಧ್ರ ಸರಿ ಕೂತಿದೆಯಾ ಅನ್ನೋದು.

ಬೇರಿಂಗ್ ಓದಿ. ರಾಡ್‌ನ ಮೇಲಿನ ಶೆಲ್ ಮಾತ್ರ ಬಡಿದಂತಿದ್ದರೆ ನಾಕಿಂಗ್. ಎರಡೂ ಶೆಲ್‌ನ ಎದುರುಬದುರು ಅಂಚು ಸವೆದಿದ್ದರೆ ರಾಡ್ ಸೊಟ್ಟ. ಸುತ್ತ ಸಣ್ಣ ಗೀರುಗಳಿದ್ದರೆ ಕೊಳೆ. ಪೂರ್ತಿ ಒರೆಸಿದಂತಾಗಿ ತಾಮ್ರ ಕಂಡರೆ ಎಣ್ಣೆ ಬಂದಿಲ್ಲ, ಆ ಜರ್ನಲ್‌ನ ರಂಧ್ರಕ್ಕೆ ತಂತಿ ಹಾಕಿ ನೋಡಿ. ಪಿಸ್ಟನ್‌ನ ರಿಂಗ್ ನಡುವಿನ ಗೋಡೆ ಒಡೆದಿದ್ದರೆ ನಾಕಿಂಗ್, ತಲೆಯ ನಡುವೆ ಕರಗಿ ತೂತಾಗಿದ್ದರೆ ಪ್ರೀ ಇಗ್ನಿಷನ್, ಅಂದರೆ ಕಿಡಿಗೂ ಮುಂಚೆ ಹೊತ್ತಿಕೊಳ್ಳುವುದು. ಕಾರಣ ತೀರ ಬಿಸಿ ಪ್ಲಗ್ ಅಥವಾ ಚೇಂಬರ್‌ನಲ್ಲಿ ಚೂಪು ಅಂಚು.

ಕಾರಣ ಸಿಕ್ಕಿತು ಅನಿಸಿದಾಗ ಅದೊಂದನ್ನೇ ಬದಲಿಸಿ, ಅಳತೆ ಹಾಳೆಯಲ್ಲಿ ಬರೆಯಿರಿ. ಒಟ್ಟಿಗೆ ಐದು ಬದಲಿಸಿದರೆ ಇಂಜಿನ್ ಸರಿಹೋದರೂ ಯಾವುದರಿಂದ ಅಂತ ತಿಳಿಯುವುದಿಲ್ಲ. ಮತ್ತೆ ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಕೂಲರ್ ಬದಲಿಸಿ. ಹಿಂದಿನ ಸಲದ ಲೋಹದ ಪುಡಿ ಅದರೊಳಗೆ ಉಳಿದಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.